ಕುಂತವ್ವನ ಮೊಮ್ಮಗಳು

“ಗುರುಗಳೇ, ಮದ್ದೇ ಇಲ್ಲದ ರೋಗದ ಹೆಸರು ತಿಳಿದು ಬಂದ ಫಲವೇನು?” ಎಂದು ಶಿಷ್ಯ ಕೇಳಿದ.

ಅವನು ಊರಿಗೆ ಹೋಗಿ ಆ ದಿನವೇ ಮಠಕ್ಕೆ ಮರಳಿದ್ದ. ಅವನ ತಂಗಿ ಚಿಕ್ಕಂದಿನಿಂದ ನಿಶ್ಶಕ್ತಳು. ಹತ್ತೊಂಬತ್ತನೆಯ ವಯಸ್ಸಿಗೆ ವೈದ್ಯರು ಅವಳ ರೋಗವನ್ನು ಗುರುತಿಸಿದ್ದರು. ಗುರುತಿಸಿದವರೇ, ಇದನ್ನು ವಾಸಿಮಾಡುವ ಮದ್ದು ಇನ್ನೂ ಇಲ್ಲವೆಂದೂ ಹೇಳಿದ್ದರು.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಸೀರೆ ನೇಯುವ ಹೆಂಗಸೊಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಆಕೆಗೆ ಕಿವಿ ಸ್ವಲ್ಪ ಮಂದ. ಮನೆಯಲ್ಲಿ ಇದ್ದದ್ದು ಆಕೆ, ಒಬ್ಬಳು ಮಗಳು, ಒಂದು ಮಗ್ಗ. ತಾಯಿ ನೇಯುತ್ತಿದ್ದಳು. ಮಗಳು ರಾಟೆಯ ಮುಂದೆ ಕೂತು ಲಾಳಿಯೊಳಗಿಡುವ ಸಣ್ಣ ಕೊಳವೆಯಾದ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು.

ಮಗಳಿಗೆ ಹನ್ನೆರಡು ತುಂಬುವ ಹೊತ್ತಿಗೆ ಅವಳ ಕೈ ನಿಧಾನವಾಯಿತು. ಬೆಳಗ್ಗೆ ಹತ್ತು ಕಂಡಿಕೆ ಸುತ್ತಿದರೆ ಹನ್ನೊಂದನೆಯದಕ್ಕೆ ರಾಟೆ ನಿಲ್ಲುತ್ತಿತ್ತು. ಮಧ್ಯಾಹ್ನಕ್ಕೆ ರೆಪ್ಪೆಗಳು ಜೋತುಬೀಳುತ್ತಿದ್ದವು. ಶಾಲೆಯ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದಳು. ಆದರೆ ನೋಡಿದವರಿಗೆ ಹುಡುಗಿ ಚೆನ್ನಾಗಿಯೇ ಕಾಣುತ್ತಿದ್ದಳು. ಜ್ವರವಿಲ್ಲ, ಗಾಯವಿಲ್ಲ. ನಿನ್ನೆ ಓಡಾಡಿದವಳು ಇಂದು ಏಳಲಾರೆ ಎಂದರೆ ಯಾರು ನಂಬುತ್ತಾರೆ?

“ಅವ್ವಾ, ಕೈ ಏಳವಲ್ದು” ಎಂದಳು ಮಗಳು.

“ಉಣ್ಣಾಕ ಏಳತೈತಿ, ದುಡಿಯಾಕ ಏಳೂದಿಲ್ಲೇನು?” ಎಂದಳು ತಾಯಿ. ಒಂದು ದಿನ ಸಿಟ್ಟು ತಡೆಯದೆ ಮಗ್ಗದ ಮರದ ಲಾಳಿಯಿಂದ ಬೆನ್ನಿಗೆ ಹೊಡೆದಳು. ಹುಡುಗಿ ಅಳಲಿಲ್ಲ. ಅಳುವುದಕ್ಕೂ ತ್ರಾಣ ಬೇಕು.

ಬೈಗುಳಕ್ಕೆ ಬಗ್ಗದ್ದು ದೇವರಿಗಾದರೂ ಬಗ್ಗೀತೆಂದು ತಾಯಿ ಹರಕೆ ಹೊತ್ತಳು. ಸೋಮವಾರ ಮಗಳನ್ನು ಉಪವಾಸವಿರಿಸಿ, ಗುಡ್ಡದ ಮೇಲಿನ ಗುಡಿಗೆ ನಡೆಸಿಕೊಂಡು ಹೋದಳು. ಅರ್ಧ ಗುಡ್ಡಕ್ಕೆ ಹುಡುಗಿ ಕೂತಳು. ತಾಯಿ ರಟ್ಟೆ ಹಿಡಿದು ಎಬ್ಬಿಸಿದಳು. ಇನ್ನು ಹತ್ತು ಮೆಟ್ಟಿಲು ಏರುವಷ್ಟರಲ್ಲಿ ಹುಡುಗಿ ವಾಂತಿ ಮಾಡಿಕೊಂಡು ಬಿದ್ದಳು. ಕೂಗಿದರೆ ಓಗೊಡಲಿಲ್ಲ.

ಗುಡಿಗೆ ಬಂದವರು ಅವಳನ್ನು ಹೊತ್ತು ಇಳಿಸಿದರು. ಊರಿನ ದವಾಖಾನೆಯವರು ಪಟ್ಟಣಕ್ಕೆ ಕಳಿಸಿದರು. ಮೂರನೆಯ ದಿನ ಹುಡುಗಿ ಕಣ್ಣು ತೆರೆದಳು. ರಕ್ತದ ಪರೀಕ್ಷೆ, ತೊಡೆಯಿಂದ ತೆಗೆದ ಮಾಂಸದ ಚೂರಿನ ಪರೀಕ್ಷೆ, ಎಲ್ಲ ಮುಗಿಯಲು ಎರಡು ತಿಂಗಳು ಹಿಡಿಯಿತು. ಆಮೇಲೆ ಅಲ್ಲಿಯ ವೈದ್ಯೆ ತಾಯಿಯನ್ನು ಎದುರು ಕೂರಿಸಿಕೊಂಡು ಹೇಳಿದರು:

“ಮೈಯ ಕಣಕಣದಲ್ಲೂ ಮೈಟೊಕಾಂಡ್ರಿಯ ಎಂಬ ಸಣ್ಣ ಸಣ್ಣ ಒಲೆಗಳಿವೆ. ಉಂಡ ಅನ್ನವನ್ನು ಶಕ್ತಿಯಾಗಿ ಮಾಡುವುದು ಅವೇ. ನಿಮ್ಮ ಮಗಳಲ್ಲಿ ಎಷ್ಟೋ ಒಲೆಗಳು ಸರಿಯಾಗಿ ಉರಿಯುವುದಿಲ್ಲ. ಅವಳು ಸೋಮಾರಿಯಲ್ಲ. ನೀವು ದಿನವಿಡೀ ನೇಯುವ ತ್ರಾಣ ಅವಳ ಮೈಯಲ್ಲಿ ಹುಟ್ಟುವುದೇ ಇಲ್ಲ. ಹೊಟ್ಟೆ ಬರಿದಾಗಲು ಬಿಡಬೇಡಿ. ದಣಿಯುವ ಮೊದಲೇ ಮಲಗಿಸಿ. ಜ್ವರ ಬಂದರೆ ತಡಮಾಡದೆ ಕರೆತನ್ನಿ.”

ಮತ್ತೆ ಹೇಳಿದರು: “ಈ ಬಗೆಯದು ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಒಬ್ಬರಲ್ಲಿ ಹೆಚ್ಚು, ಒಬ್ಬರಲ್ಲಿ ಕಡಿಮೆ. ನಿಮ್ಮ ಕಿವಿ ಮಂದವಾದದ್ದೂ ಇದರಿಂದಲೇ ಇರಬಹುದು. ನಿಮ್ಮ ಹಡೆದವ್ವ ಹೇಗಿದ್ದರು?”



ತಾಯಿಯ ಹಡೆದವ್ವನನ್ನು ಊರೆಲ್ಲ ಕುಂತವ್ವ ಎನ್ನುತ್ತಿತ್ತು. ಕೆರೆಯಿಂದ ನೀರು ತರುವಾಗ ಕಂಡ ಕಲ್ಲಿನ ಮೇಲೆಲ್ಲ ಕೂರುತ್ತಾಳೆಂದು ಆ ಹೆಸರು. ಗಂಡನೂ ಹಾಗೇ ಕರೆದ, ಮಕ್ಕಳೂ ಹಾಗೇ ಕರೆದರು. ಈಕೆಯ ಮದುವೆಯಲ್ಲಿ ಆರತಿ ಎತ್ತುವಾಗ ಕುಂತವ್ವ ತಟ್ಟೆ ಹಿಡಿದುಕೊಂಡೇ ನೆಲಕ್ಕೆ ಕುಸಿದು ಕೂತಿದ್ದಳು. ಬೀಗರು ನಕ್ಕರು. “ಇವತ್ತೊಂದು ದಿನ ನಿಂತಿದ್ದರ ಸಾಯತಿದ್ದಿಯೇನು?” ಎಂದು ಮದುಮಗಳಾದ ಈಕೆ ಎಲ್ಲರೆದುರು ಕೇಳಿದಳು. ಎರಡು ವರ್ಷಕ್ಕೆ ಕುಂತವ್ವ ಸತ್ತಳು. ಆ ಮಾತಿಗೆ ಈಕೆ ಒಮ್ಮೆಯೂ ತಪ್ಪಾಯಿತೆಂದಿರಲಿಲ್ಲ.

ಮನೆಗೆ ಬಂದ ತಾಯಿ ಮಗ್ಗಕ್ಕೆ ಕೂರಲಿಲ್ಲ. ಹೊತ್ತುಹೊತ್ತಿಗೆ ಗಂಜಿ ಕಾಸಿ ಮಗಳಿಗೆ ಕುಡಿಸಿದಳು, ತಾನು ಕುಡಿಯಲಿಲ್ಲ. ಮಗಳನ್ನು ಹಾಸಿಗೆಯಿಂದ ಇಳಿಯಲೂ ಬಿಡಲಿಲ್ಲ. ಮೂರು ದಿನ ಹೀಗೇ ಹೋಯಿತು. ನಾಲ್ಕನೆಯ ದಿನ ಮಗಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

“ನೀ ಯಾಕ ಉಣವಲ್ಲಿ, ಅವ್ವಾ?”

“ಈ ರೋಗ ಕೊಟ್ಟಾಕಿ ನಾನು. ಕೊಟ್ಟದ್ದಲ್ಲದ ಮ್ಯಾಲ ಹೊಡದೆ.”

ಮಗಳು ಹೇಳಿದಳು: “ಹೊಡದದ್ದಕ್ಕ ಅಳು, ಅದು ನಿಂದು. ರೋಗಕ್ಕ ಅಳಬ್ಯಾಡ, ಅದು ನಿಂದೂ ಅಲ್ಲ, ಅಜ್ಜಿದೂ ಅಲ್ಲ.”

ತಾಯಿ ಅತ್ತಳು. ಅತ್ತು ಮುಗಿದ ಮೇಲೆ ಗಂಜಿ ಕುಡಿದಳು.

ಅಂದಿನಿಂದ ಆ ಮನೆಯ ದಿನಚರಿ ಬೇರೆಯಾಯಿತು. ಮಗಳು ಬೆಳಗ್ಗೆ ಐದೇ ಕಂಡಿಕೆ ಸುತ್ತುತ್ತಿದ್ದಳು. ಕೈ ಸೋಲುವ ಮೊದಲೇ ತಾಯಿ ಬಂದು ರಾಟೆ ನಿಲ್ಲಿಸುತ್ತಿದ್ದಳು. ಹುಡುಗಿ ಒಂದಿಷ್ಟು ತಿಂದು ಮಲಗಿ ಎದ್ದು, ಸಂಜೆ ಇನ್ನೈದು ಸುತ್ತುತ್ತಿದ್ದಳು. ಏಳಲಾಗದ ದಿನ ಇಬ್ಬರೂ ಅದನ್ನು ಏಳಲಾಗದ ದಿನವೆಂದೇ ಒಪ್ಪಿಕೊಂಡರು. ಎಂಟು ದಿನದ ಸೀರೆಗೆ ಹದಿನೈದು ದಿನ ಹಿಡಿಯಿತು.

ವರ್ಷಗಳು ಕಳೆದವು. ರೋಗ ಹೋಗಲಿಲ್ಲ. ಮಗಳ ನಡಿಗೆ ಕುಂದಿತು, ಮನೆಗೆ ಗಾಲಿಕುರ್ಚಿ ಬಂತು. ಎರಡು ಸಲ ಜ್ವರ ಬಂದು ಬದುಕುವುದೇ ಕಷ್ಟವೆನಿಸಿತು. ಎರಡು ಸಲವೂ ತಾಯಿ ತಡಮಾಡಲಿಲ್ಲ. ಎರಡು ಸಲವೂ ಮಗಳು ಉಳಿದಳು.

ಒಂದು ದಿನ ಮಗಳು ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದಾಗ ಓಣಿಯ ಮುದುಕಿಯೊಬ್ಬಳು ನಿಂತು ನೋಡಿ, “ಥೇಟ್ ಕುಂತವ್ವನ ಮೊಮ್ಮಗಳು” ಎಂದಳು. ತಾಯಿ ಮಗ್ಗ ಬಿಟ್ಟು ಹೊರಗೆ ಬಂದಳು.

“ಆಕಿ ಹೆಸರು ರಾಚವ್ವ” ಎಂದಳು. “ಏಳಲಾರದ ಮೈಯಾಗ ನಾಕು ಮಕ್ಕಳನ್ನ ಹಡದು, ಇಪ್ಪತ್ತು ವರ್ಷ ನೀರು ಹೊತ್ತಾಳ.”

ಹಡೆದವ್ವನ ಹೆಸರನ್ನು ಆಕೆ ಬಾಯಿಬಿಟ್ಟು ಹೇಳಿದ್ದು ಅಂದೇ ಮೊದಲು.

ಗುರುಗಳು ಕತೆ ನಿಲ್ಲಿಸಿದರು.

“ಆದರೂ ರೋಗ ವಾಸಿಯಾಗಲಿಲ್ಲವಲ್ಲ, ಗುರುಗಳೇ” ಎಂದ ಶಿಷ್ಯ.

“ಇಲ್ಲ. ನಿನ್ನ ತಂಗಿಯನ್ನು ಇಷ್ಟು ವರ್ಷ ನೀವು ಏನೆಂದು ಕರೆಯುತ್ತಿದ್ದಿರಿ?” ಎಂದರು ಗುರುಗಳು.

“ಸೋಮಾರಿ ಎಂದು” ಎಂದ ಶಿಷ್ಯ.