ಸೂಪರ್‌ಮಾರ್ಕೆಟ್‌ಗೆ ಕೆಂದಿಯ ಒಪ್ಪಿಗೆ

ಹಳೇಪೇಟೆ ಬೀದಿಯಲ್ಲಿ ಸೂಪರ್‌ಮಾರ್ಕೆಟ್ ಕಟ್ಟುತ್ತಾರೆಂಬ ಸುದ್ದಿ ಕೇಳಿ ಕೆಂದಿ ಎಂಬ ಹಸು ಬಾಲವೆತ್ತಿ ಕುಣಿಯಿತು. ಅಲ್ಲಿನ ಅಂಗಡಿಯವರು ದಿನವೂ ಬೋಣಿಗೆ ಮುಂಚೆ ತಮ್ಮ ಕೈಯಾರೆ ಅದಕ್ಕೊಂದು ತುತ್ತು ಕೊಡುವುದು ವಾಡಿಕೆ. ಒಂದು ಕಡೆ ಬೆಲ್ಲ, ಇನ್ನೊಂದು ಕಡೆ ಬಾಳೆಹಣ್ಣು, ಮೂಲೆಯಲ್ಲಿ ಸೊಪ್ಪು. ಹೊಟ್ಟೆ ತುಂಬಬೇಕಾದರೆ ಬೀದಿಯುದ್ದಕ್ಕೂ ನಡೆಯಬೇಕು.

"ಈ ಅಂಗಡಿಗಳೆಲ್ಲ ಮುಚ್ಚಿಹೋಗುತ್ತವಂತೆ ಅಕ್ಕಾ" ಎಂದಿತು ದಿನಸಿ ಅಂಗಡಿಯ ಬೆಕ್ಕು.

"ಹೋಗಲಿ ಬಿಡೇ! ಇನ್ನು ಎಲ್ಲವೂ ಒಂದೇ ಸೂರಿನಡಿ. ನನ್ನನ್ನು ಕಂಡೊಡನೆ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದಂತೆ. ಅಷ್ಟು ಮರ್ಯಾದೆ ನಿಮ್ಮ ಶೆಟ್ಟರು ಎಂದಾದರೂ ಕೊಟ್ಟಿದ್ದಾರಾ?"

ಗುದ್ದಲಿ ಪೂಜೆಯ ದಿನ ಕೆಂದಿಯನ್ನೇ ಕರೆತಂದು ಅರಿಶಿನ ಕುಂಕುಮ ಹಚ್ಚಿ ಹಾರ ಹಾಕಿದರು. ಕೆಂದಿ ಹಾರವನ್ನು ಅಲ್ಲೇ ತಿಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಬೆಕ್ಕನ್ನು ಕೇಳಿತು: "ಇವರಲ್ಲಿ ಯಜಮಾನರು ಯಾರೇ? ಬೆಳಿಗ್ಗೆ ಅವರ ಮುಂದೆಯೇ ಹೋಗಿ ನಿಲ್ಲಬೇಕಲ್ಲ."

"ಇಲ್ಲಿರುವವರೆಲ್ಲ ಸಂಬಳದವರು. ಒಂದು ಚೂರು ಬೆಲ್ಲ ಕೊಡುವುದಕ್ಕೂ ಇವರಿಗೆ ಅಧಿಕಾರವಿಲ್ಲ. ಯಜಮಾನರು ಇರುವುದು ಮುಂಬಯಿಯಲ್ಲಿ."

ಕೆಂದಿ ಗಂಭೀರವಾಗಿ ತಲೆಯಾಡಿಸಿತು.

"ಹಾಗಾದರೆ ಇನ್ನು ಮೇಲೆ ಸ್ವಲ್ಪ ಬೇಗ ಏಳಬೇಕು."