ಒಲೆಯ ಪಕ್ಕದ ಜಾಡಿ

ಹೊಳೆದಂಡೆಯ ಆಶ್ರಮದಲ್ಲಿ ಘೋರವೊಂದು ಸಂಭವಿಸಿತು. ಯಾತ್ರಿಕರ ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮಿನಲ್ಲಿ ಎಣ್ಣೆ ಮೇಲೆ ಬಂತು, ನೀರು ಕೆಳಗೆ ನಿಂತಿತು. ಬೆಳಗಿನ ಪ್ರಾರ್ಥನೆ ರದ್ದಾಯಿತು. ಹಿರಿಯರು ಸಭೆ ಸೇರಿದರು.

ಮುಲಾಮು ಕಲಕುವವನು ಹಾಲಪ್ಪ. ಹಾಗಾಗಿ ತಪ್ಪು ಹಾಲಪ್ಪನದೇ ಎಂದು ತೀರ್ಮಾನವಾಯಿತು.

ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಗುರುಗಳು ಕೇಳಿದರು.

ಭರಮದೇವ ತನ್ನ ಕಾಲ್ಬೆರಳು ನೋಡಿಕೊಂಡು ಕುಳಿತಿದ್ದ. ರಸಾಯನಶಾಸ್ತ್ರ ಓದಿ ಆಶ್ರಮ ಸೇರಿದವನು; ಮುಲಾಮಿನ ಎಣ್ಣೆ-ನೀರನ್ನು ಕೂಡಿಸಿಡಲು ಹೊಸ ಅಂಟು ಮಾಡಿಕೊಟ್ಟವನು. ಜಾಗ ಸಾಲದೆ ಮುಲಾಮಿನ ಜಾಡಿಯನ್ನು ಒಲೆಯ ಪಕ್ಕಕ್ಕೆ ಸರಿಸಿದವನೂ ಅವನೇ. ಅದನ್ನು ಕಂಡವನು ಹಾಲಪ್ಪ ಒಬ್ಬನೇ. ಅವನು ಬಾಯಿ ಬಿಡದೆ ಗೆಳೆಯನ ಮುಖವನ್ನೇ ನೋಡಿದ.

ಹಾಲಪ್ಪನಿಗೆ ಆಶ್ರಮ ಬಿಡಲು ಅಪ್ಪಣೆಯಾಯಿತು.

ಸಭೆ ಮುಗಿದ ಮೇಲೆ ಗುರುಗಳು ಭರಮದೇವನನ್ನು ಕರೆದರು.

“ನಿನ್ನ ಅಂಟು ಏನು ಮಾಡುತ್ತದಪ್ಪಾ?”

“ಅದು ಪಾಲಿಮರ್, ಗುರುಗಳೇ. ಉದ್ದನೆಯ ಎಳೆ. ತಂಪಿನಲ್ಲಿ ಕೈಚಾಚಿ ಒಂದು ಕಡೆ ಎಣ್ಣೆಯನ್ನು, ಇನ್ನೊಂದು ಕಡೆ ನೀರನ್ನು ಹಿಡಿದುಕೊಳ್ಳುತ್ತದೆ. ಎರಡೂ ಅದನ್ನು ನಂಬಿ ಕೂಡಿರುತ್ತವೆ.”

“ಬಿಸಿ ತಗುಲಿದರೆ?”

“ನೀರಿನ ಕೈಬಿಟ್ಟು ತನ್ನೊಳಗೆ ತಾನು ಮುದುಡಿಕೊಳ್ಳುತ್ತದೆ. ಮೈಯ ಬಿಸಿಗೆ ಎಣ್ಣೆ ಇಳಿಯಲಿ ಎಂದೇ ಹಾಗೆ ಮಾಡಿದ್ದು.”

“ಅಂಟಿಗೇನಾದರೂ ಪೆಟ್ಟಾಗುತ್ತದೆಯೇ?”

“ಏನೂ ಆಗುವುದಿಲ್ಲ.”

“ಒಳ್ಳೆಯದು. ಒಡೆದದ್ದನ್ನು ಮತ್ತೆ ಕೂಡಿಸಬಹುದೇ?”

“ತಣ್ಣಗೆ ಮಾಡಿ ಕುಲುಕಿದರಾಯಿತು.”

“ಹೊಳೆಗೆ ಹೋಗು.”

ಭರಮದೇವ ಮೊಣಕಾಲುದ್ದ ನೀರಿನಲ್ಲಿ ನಿಂತು ಜಾಡಿ ಅದ್ದಿದ. ಮೆಟ್ಟಿಲ ಮೇಲೆ ಹಾಲಪ್ಪ ಬಟ್ಟೆಗಂಟು ಇಟ್ಟುಕೊಂಡು ದೋಣಿ ಕಾಯುತ್ತಿದ್ದ.

“ಮುಲಾಮಿಗೆ ಪುಣ್ಯಸ್ನಾನವೇನಯ್ಯಾ?” ಎಂದ.

ಭರಮದೇವ ಜಾಡಿ ಕುಲುಕತೊಡಗಿದ.

“ಒಲೆ ಹತ್ತಿರ ಇಟ್ಟವನು ನಾನಲ್ಲ ಅಂತ ನಿನಗೆ ಗೊತ್ತು.”

“ಹಿರಿಯರು ಈಗ ಕೆಂಡವಾಗಿದ್ದಾರೆ ಮಾರಾಯ. ಸ್ವಲ್ಪ ತಣ್ಣಗಾಗಲಿ, ನಾನೇ ಹೇಳುತ್ತೇನೆ.”

“ಹೇಳು, ಹೇಳು. ಕುಲುಕುವುದನ್ನು ನಿಲ್ಲಿಸಬೇಡ, ಮತ್ತೆ ಒಡೆದೀತು.”

ದೋಣಿ ಬಂತು. ಭರಮದೇವ ತಲೆ ಎತ್ತದೆ ಕುಲುಕಿದ. ಮುಲಾಮು ಮೊಸರಿನಂತೆ ಬೆಳ್ಳಗಾಯಿತು.

ಜಾಡಿಯನ್ನು ಎದೆಗವಚಿಕೊಂಡು ಗುರುಗಳ ಬಳಿಗೆ ಓಡಿದ.

“ಕೂಡಿತು, ಗುರುಗಳೇ. ಹಿರಿಯರೂ ಊಟ ಮಾಡಿ ತಣ್ಣಗಾಗಿದ್ದಾರೆ. ಈಗ ಹೇಳಿಬಿಡುತ್ತೇನೆ. ಜಾಡಿಯನ್ನು ಒಲೆಯ ಪಕ್ಕ ಇಟ್ಟವನು ನಾನು. ಹಾಲಪ್ಪನನ್ನು ಕರೆಸಿ.”

ಗುರುಗಳು ಬೆರಳಲ್ಲಿ ಮುಲಾಮು ತೆಗೆದು ತಮ್ಮ ಹಿಮ್ಮಡಿಗೆ ಹಚ್ಚಿಕೊಂಡರು. ಎಣ್ಣೆ ನಿಧಾನವಾಗಿ ಬಿರುಕಿಗೆ ಇಳಿಯಿತು.

“ಚೆನ್ನಾಗಿದೆ. ಹಾಲಪ್ಪ ಹೊಳೆ ದಾಟಿ ಹೋದ. ಯಾವ ಊರಿಗೆಂದು ಹೇಳಲಿಲ್ಲ. ನಾಳೆಯಿಂದ ಕಲಕುವ ಕೆಲಸ ನಿನ್ನದು.”