ತೂತು ಕೊಳ್ಳಲು ಹೋದ ಪುಟ್ಟೀರಯ್ಯ

ಈ ಕತೆ ನಾನು ಪುಟ್ಟೀರಯ್ಯನ ಬಾಯಿಂದಲೇ ಕೇಳಿದ್ದು. ಅವನ ಎಲೆಯಡಿಕೆ ಹನಿ ನನ್ನ ಮುಖಕ್ಕೆ ಹಾರುವಷ್ಟು ಹತ್ತಿರ ಕೂತು ಕೇಳಿದ್ದು. ಅನುಮಾನ ಇದ್ದರೆ ಅವತ್ತು ಪಕ್ಕದಲ್ಲಿದ್ದವರನ್ನು ವಿಚಾರಿಸಿಕೊಳ್ಳಿ. ಎಲ್ಲರೂ ತೀರಿಕೊಂಡಿದ್ದಾರೆ, ಅದು ನನ್ನ ತಪ್ಪಲ್ಲ.

ಒಂದಾನೊಂದು ಊರಿನಲ್ಲಿ ಒಬ್ಬ ರಾಜ. ಅವನಿಗೆ ಅಂಗಿಗುಂಡಿಯ ಹುಚ್ಚು. ಎಮ್ಮೆಗೂ ಗುಂಡಿ ಹಾಕಿಸಿದ್ದ. ಹೊಳೆ ಬಿಚ್ಚಿಕೊಂಡೀತೆಂದು ಅದರ ದಡಕ್ಕೂ ಹಾಕಿಸಿದ್ದ. ಅಷ್ಟು ಗುಂಡಿ ಮಾಡಲು ಒಂದು ಕಾರ್ಖಾನೆ. ಕಾರ್ಖಾನೆಗೆ ಬೇಕಾದ್ದನ್ನೆಲ್ಲ ಕೊಂಡು ತರುವ ಹಿರಿಯ ಅಧಿಕಾರಿ ಪುಟ್ಟೀರಯ್ಯ. ಮೂರು ಕಡೆ ರೇಟು ಕೇಳದೆ ಅವನು ಹುಲ್ಲುಕಡ್ಡಿಯನ್ನೂ ಕೊಳ್ಳುವವನಲ್ಲ. ಬಾಯಾರಿದರೆ ಮೂರು ಬಾವಿ ವಿಚಾರಿಸಿ ಆಮೇಲೆ ನೀರು ಕುಡಿಯುತ್ತಿದ್ದ.

ಒಂದು ದಿನ ಕಾರ್ಖಾನೆಯಲ್ಲಿ ತೂತು ಮುಗಿದುಹೋಯಿತು. ಗುಂಡಿ ಇದೆ, ತೂತಿಲ್ಲ. ದಾರ ಎಲ್ಲಿಂದ ಹೋಗಬೇಕು?

ರಾಜ ಕರೆಸಿದ. "ನಾಳೆ ಮಗಳ ಮದುವೆ ಕಣಯ್ಯ. ಅಂಗಿ ಬಿಚ್ಚಿಕೊಂಡು ಧಾರೆ ಎರೆಯಲೇನು? ತೂತು ತಾ. ತರದಿದ್ದರೆ ನಿನ್ನ ತಲೆಯಲ್ಲಿ ಕಣ್ಣು, ಕಿವಿ, ಮೂಗು, ಬಾಯಿ ಸೇರಿ ಏಳು ತೂತಿವೆ. ಏಳನ್ನೂ ಕಿತ್ತುಕೊಳ್ಳುತ್ತೇನೆ."

"ತರ್ತೀನಿ ಬುದ್ಧಿ. ಆದರೆ ಮೂರು ಕಡೆ ರೇಟು ಕೇಳಿಯೇ ತರೋದು."

"ತಲೆ ಹೋದರೂ?"

"ತಲೆ ನನ್ನದು ಬುದ್ಧಿ, ಪದ್ಧತಿ ಕಾರ್ಖಾನೆಯದು."

ಮೊದಲು ಉದ್ದಿನವಡೆಯ ಹತ್ತಿರ ಹೋದ. "ತೂತು ಕೊಡ್ತೀಯೇನಪ್ಪಾ?"

"ಕೊಡ್ತೀನಿ. ಮೊದಲು ಸುತ್ತ ಇರೋ ನನ್ನನ್ನು ತಿಂದು ಖಾಲಿ ಮಾಡು," ಅಂದಿತು ವಡೆ.

ತಿಂದ. ವಡೆ ಮುಗಿಯಿತು, ತೂತೂ ಕಾಣಲಿಲ್ಲ. ಮೋಸದ ವ್ಯಾಪಾರಿ ಅಂತ ಬಾಯಿ ಒರೆಸಿಕೊಂಡು ಹೆಗ್ಗಣದ ಹತ್ತಿರ ಹೋದ.

"ಬಿಲ ತಗೊಂಡು ಹೋಗಪ್ಪ. ಬದಲಿಗೆ ರಾಜರ ಮಂಚ ಕೊಡಿಸು," ಅಂದಿತು ಹೆಗ್ಗಣ.

ದುಬಾರಿ. ಜರಡಿಯ ಹತ್ತಿರ ಹೋದ.

"ಎಲ್ಲಾ ತೂತೂ ಬಿಟ್ಟಿ ತಗೋ," ಅಂದಿತು ಜರಡಿ. "ತೂತು ಹೋದರೆ ನಾನು ತಟ್ಟೆ ಆಗ್ತೀನಿ. ಹೊಟ್ಟು ಕಂಡು ಕಂಡು ಸಾಕಾಗಿದೆ, ಅನ್ನ ಕಾಣಬೇಕು."

ಪುಟ್ಟೀರಯ್ಯ ತೂತನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹೊರಟ. ತೂತು ತುಂಬಿದ ಚೀಲ ತೂತಾಗದೆ ಇರುತ್ತದೆಯೇ? ತೂತಿನಿಂದ ತೂತು ಸೋರಿ ದಾರಿಯುದ್ದಕ್ಕೂ ಬಿದ್ದವು. ಹಿಂದೆ ತಿರುಗಿ, ಬಗ್ಗಿ ಬಗ್ಗಿ ಹೆಕ್ಕಿದ. ಸೊಂಟ ಹಿಡಿಯಿತು, ಹೆಕ್ಕಿದ. ಕೊನೆಯದಕ್ಕೆ ಕೈ ಹಾಕಿದರೆ ಒಳಗೆ ಹೆಗ್ಗಣ ಸಂಸಾರ ಹೂಡಿತ್ತು. "ಬಿದ್ದದ್ದು ಸಿಕ್ಕಿದವರಿಗೆ," ಅಂದಿತು.

ಅರಮನೆ ಸೇರಿದಾಗ ಧಾರೆಗೆ ವಾಲಗ ಶುರುವಾಗಿತ್ತು. ರಾಜನ ಅಂಗಿಗೆ ಗುಂಡಿ ಹೊಲಿದರು. ಕೊನೆಯ ಗುಂಡಿಗೆ ಒಂದು ತೂತು ಕಡಿಮೆ ಬಿತ್ತು. ರಾಜ ಪುಟ್ಟೀರಯ್ಯನ ತಲೆ ನೋಡಿದ.

"ತಡೀರಿ ಬುದ್ಧಿ," ಅಂದ ಪುಟ್ಟೀರಯ್ಯ. "ಇಲ್ಲೂ ಮೂರು ಕಡೆ ಕೇಳಬೇಕು."

ಕಣ್ಣನ್ನು ಕೇಳಿದ. "ನಾನು ಹೋದರೆ ಮಾಲು ನೋಡೋರು ಯಾರು?" ಅಂದಿತು.

ಕಿವಿಯನ್ನು ಕೇಳಿದ. "ನಾನು ಹೋದರೆ ರೇಟು ಕೇಳಿಸಿಕೊಳ್ಳೋರು ಯಾರು?" ಅಂದಿತು.

ಬಾಯಿಯನ್ನು ಕೇಳಿದ. "ಚೌಕಾಸಿ ಮಾಡಿ ಮಾಡಿ ಸವೆದುಹೋಗಿದ್ದೀನಿ. ಬಿಟ್ಟಿ ಹೋಗ್ತೀನಿ," ಅಂದಿತು.

"ಏಳೂ ಕೊಡು," ಅಂದ ರಾಜ.

"ಬೇಕಾದ್ದು ಒಂದೇ ಬುದ್ಧಿ. ಹೆಚ್ಚಿಗೆ ತಂದು ಗೋದಾಮಿನಲ್ಲಿ ಕೊಳೆಸೋ ಪದ್ಧತಿ ನಮ್ಮಲ್ಲಿಲ್ಲ."

ಇದೇ ಅವನ ಕೊನೆಯ ಮಾತು. ಬಾಯಿ ಬಿಚ್ಚಿ ಕೊಟ್ಟ. ಗುಂಡಿ ಕೂತಿತು, ಧಾರೆ ಮುಗಿಯಿತು. ಆಮೇಲೆ ಪುಟ್ಟೀರಯ್ಯ ಬರೀ ಹುಬ್ಬಿನಲ್ಲೇ ಚೌಕಾಸಿ ಮಾಡಿದ. ಎದುರಿನವರೇ ಗಾಬರಿಯಾಗಿ ರೇಟು ಇಳಿಸುತ್ತಿದ್ದರು. ಆದ್ದರಿಂದ ವಡೆಗೆ ಮುಂಗಡ ಕೊಡಬೇಡಿ. ಅಂಗಿಗೆ ಗುಂಡಿ ಬಿತ್ತು, ಕತೆಗೂ ಬಿತ್ತು.

ಅವರೆಕಾಯಿ ಸುಲಿಯುತ್ತಿದ್ದ ಸಾಕವ್ವ ತಲೆ ಎತ್ತಿದಳು. "ಅಲ್ಲ ಕಣಜ್ಜ, ಅವನ ಬಾಯಿ ರಾಜನ ಅಂಗಿಗೆ ಹೋಯ್ತಲ್ಲ. ಮತ್ತೆ ಕತೆ ಅವನ ಬಾಯಿಂದಲೇ ಕೇಳಿದೆ ಅಂದೆ?"

ನಾನೂ ಒಂದು ಅವರೆಕಾಯಿ ಕೈಗೆತ್ತಿಕೊಂಡೆ.

"ಮೂರು ಕಡೆ ವಿಚಾರಿಸು ಸಾಕವ್ವ. ಇದಕ್ಕಿಂತ ಕಡಿಮೆ ಸುಳ್ಳಿಗೆ ಈ ಕತೆ ಯಾರು ಕೊಡ್ತಾರೋ ನೋಡೋಣ."